ಕಬ್ಬಿಣದಂಗಡಿ ಮತ್ತು ನೆನಪಿನ ತೂಕ

ಕನ್ನಡದ ಲಘು ಪ್ರಬಂಧಗಳಲ್ಲಿ ಈಚೆಗೆ ಒಂದು ಪದ್ಧತಿ ಬೇರೂರುತ್ತಿರುವಂತೆ ನನಗೆ ತೋರುತ್ತದೆ. ಬಾಲ್ಯದ ಊರಿನಲ್ಲಿದ್ದ ಯಾವುದಾದರೊಂದು ಅಂಗಡಿಯನ್ನು ನೆನೆದು, ಅಂಥದು ಈಗಿಲ್ಲವೆಂದು ಹಲುಬಿ, ಒಂದು ನಿಟ್ಟುಸಿರಿನೊಡನೆ ಮುಗಿಸುವುದು ಆ ಪದ್ಧತಿ. ಮೊದಲು ಪುಸ್ತಕದಂಗಡಿಗಳ ಸರದಿ ಬಂದಿತು. ಅನಂತರ ಖಾನಾವಳಿ, ಚಹದಂಗಡಿಗಳದು. ಈಗ ಕಬ್ಬಿಣದಂಗಡಿಯ ಸರದಿ. ಪೇಟೆಯಲ್ಲಿ ಇಂದು ‘ಹಾರ್ಡ್‌ವೇರ್’ ಎಂಬ ಫಲಕ ಹೊತ್ತು ನಿಂತಿರುವ ಅಂಗಡಿಯನ್ನು ನಮ್ಮ ಹಿರಿಯರು ಕಬ್ಬಿಣದಂಗಡಿ ಎಂದೇ ಕರೆದರು. ನಾನೂ ಹಾಗೆಯೇ ಕರೆಯುತ್ತೇನೆ. ಅದನ್ನು ಕುರಿತ ಐದಾರು ಪ್ರಬಂಧಗಳನ್ನು ಒಂದಾದಮೇಲೊಂದರಂತೆ ಓದಿದ ಮೇಲೆ ಈ ಬಗೆಯ ಬರವಣಿಗೆಯ ಗುಣದೋಷಗಳನ್ನು ಸ್ವಲ್ಪ ವಿಚಾರಿಸಬೇಕೆನಿಸಿತು. ನೆನೆಯಬೇಡಿ ಎಂದು ಯಾರಿಗೂ ಹೇಳುವ ಅಧಿಕಾರ ವಿಮರ್ಶಕನಿಗಿಲ್ಲ. ಆದರೆ ಮುಂದಿಟ್ಟ ನೆನಪಿನ ತೂಕವೆಷ್ಟು ಎಂದು ಕೇಳುವ ಹಕ್ಕು ಅವನಿಗುಂಟು. ಎಲ್ಲವನ್ನೂ ತೂಗಿ ಮಾರುವ ಅಂಗಡಿಯ ವಿಷಯದಲ್ಲಂತೂ ಈ ಪ್ರಶ್ನೆ ಅಸಹಜವೆನಿಸಲಾರದು.

ಈ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ದೊರೆಯುವುದೇನು? ಎಣ್ಣೆ ಹಚ್ಚಿದ ಕಬ್ಬಿಣದ ವಾಸನೆ, ಮೂಗಿನ ತುದಿಗೆ ಇಳಿದ ಕನ್ನಡಕ, ಮಬ್ಬುಗತ್ತಲೆಯ ಒಳಕೋಣೆ, ಹುಡುಗನ ಕೈಗೆ ಸಾವಕಾರನು ಪುಕ್ಕಟೆಯಾಗಿ ಇಟ್ಟ ಒಂದು ಅಯಸ್ಕಾಂತದ ಚೂರು. ಓದುತ್ತಿರುವಾಗ ಹಿತವಾಗುತ್ತದೆ. ಓದಿ ಮುಗಿಸಿ, ಆ ಅಂಗಡಿಯಲ್ಲಿ ಏನೇನು ಸಿಕ್ಕುತ್ತಿತ್ತು, ಅಲ್ಲಿಗೆ ಯಾರು ಬರುತ್ತಿದ್ದರು, ಸಾವಕಾರನಿಗೆ ತಿಳಿದಿದ್ದುದು ಏನು ಎಂದು ಕೇಳಿಕೊಂಡರೆ ಉತ್ತರ ಹೊರಡುವುದಿಲ್ಲ. ನಮ್ಮ ಗೋಕಾಕದಲ್ಲಿ ಹಗುರಾದ ಕಟ್ಟಿಗೆಯಿಂದ ಹಣ್ಣುಹಂಪಲಗಳನ್ನು ಮಾಡಿ ಬಣ್ಣ ಬಳಿಯುವ ಜಾಣ ಕಲೆಗಾರರಿದ್ದಾರೆ. ಅವರ ಬಾಳೆಹಣ್ಣನ್ನು ದೂರದಿಂದ ಕಂಡವರು ನಿಜವಾದದ್ದೆಂದೇ ಭ್ರಮಿಸುತ್ತಾರೆ. ಕೈಗೆತ್ತಿಕೊಂಡಾಗಲೇ ಅದಕ್ಕೆ ತೂಕವಿಲ್ಲವೆಂದು ತಿಳಿಯುವುದು. ಗೊಂಬೆಗೆ ಅದು ಗುಣ. ಕಬ್ಬಿಣದಂಗಡಿಯ ನೆನಪಿಗೆ ಅದು ಗುಣವಾಗಲಾರದು.

ಗೋಕಾಕದ ಮಾತೆತ್ತಿದ್ದಕ್ಕೆ ಕಾರಣ, ನಾನು ಬಲ್ಲ ಕಬ್ಬಿಣದಂಗಡಿಗಳು ಅಲ್ಲಿಯವು. ಗೋಕಾಕ, ಹುಕ್ಕೇರಿ, ಈಗ ಬೇರೆ ತಾಲೂಕಾಗಿರುವ ಮೂಡಲಗಿ, ಈ ಮೂರು ಕಡೆಯ ಹಳ್ಳಿಗರೂ ಸಂತೆಗೆ ಬಂದಾಗ ಪೇಟೆಯ ಕಬ್ಬಿಣದಂಗಡಿಯ ಕಟ್ಟೆಗೆ ಒಮ್ಮೆ ಬಂದೇ ಹೋಗುವರು. ರಂಟೆಯ ಕುಳ, ಎತ್ತಿನ ಲಾಳ, ಬಂಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸೇರಿಸುವ ಕಡಾಣಿ, ಬಾವಿಯ ಗಡಗಡಿ, ಪುಂಡಿನಾರಿನ ಹಗ್ಗ, ಇವೆಲ್ಲ ರೈತರ ಬೇಡಿಕೆ. ಘಟಪ್ರಭೆ 52 ಮೀಟರು ಕೆಳಕ್ಕೆ ಧುಮುಕುವಲ್ಲಿ 1887ರಲ್ಲಿ ನೂಲಿನ ಗಿರಣಿ ತೆರೆದ ಮೇಲೆ ಗಿರಣಿಯ ಕೆಲಸಗಾರರೂ ಊರಿನ ಗಿರಾಕಿಗಳಾದರು. ಅವರಿಗೆ ಬೇಕಾದುದು ಕೀಲಿ, ಕಂದೀಲಿನ ಗಾಜು, ಮನೆಯ ಮಾಡಿಗೆ ತಗಡು. ಬಡಿಗರು ಬಂದರೆ ಉಳಿ, ಬಾಚಿ, ಗರಗಸ, ಅರ. ಇಷ್ಟು ಬಗೆಯ ಜನರ ಇಷ್ಟು ಬಗೆಯ ಕೆಲಸಗಳು ಒಂದೇ ಕಟ್ಟೆಯ ಮೇಲೆ ಸೇರುವ ಸ್ಥಳ ಊರಿನಲ್ಲಿ ಬೇರೊಂದು ಇರಲಿಲ್ಲ. ದೇವಸ್ಥಾನದಲ್ಲಿ ಭಕ್ತರು ಸೇರುತ್ತಾರೆ, ಚಾವಡಿಯಲ್ಲಿ ವ್ಯಾಜ್ಯದವರು ಸೇರುತ್ತಾರೆ. ಕಬ್ಬಿಣದಂಗಡಿಯಲ್ಲಿ ಸೇರುವವರು ಕೆಲಸ ನಡುವೆ ನಿಂತುಹೋದವರು.

ಇಂಥ ಅಂಗಡಿಯನ್ನು ನಡೆಸಲು ಬೇಕಾದ ತಿಳಿವಳಿಕೆ ಸಣ್ಣದಲ್ಲ. ಮೊಳೆಯನ್ನು ಕೇಳುವುದು ಉದ್ದದ ಲೆಕ್ಕದಲ್ಲಿ, ಕೊಡುವುದು ತೂಕದ ಲೆಕ್ಕದಲ್ಲಿ. ತಿರುಪು ಮೊಳೆ ಬರುತ್ತಿದ್ದುದು ಗ್ರೋಸಿನ ಡಬ್ಬಿಯಲ್ಲಿ, ಅಂದರೆ 144ರ ಎಣಿಕೆಯಲ್ಲಿ. ತಂತಿಯ ಗೇಜು ತಿರುವುಮುರುವು: ಅಂಕಿ ಏರಿದಂತೆ ತಂತಿ ತೆಳ್ಳಗಾಗುತ್ತದೆ, ಎಂಟರ ತಂತಿ ಬೇಲಿಗೆ ಬಂದರೆ ಇಪ್ಪತ್ತರದು ಕಟ್ಟಡದ ಸರಳು ಕಟ್ಟಲು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಿತು. 1962ರ ಏಪ್ರಿಲ್ ಹೊತ್ತಿಗೆ ಸೇರು ಮಣಗಳು ಹೋಗಿ ಕಿಲೋಗ್ರಾಮ್ ಕಡ್ಡಾಯವಾಯಿತು. ಆದರೂ ಮೊಳೆ ಇಂದಿಗೂ ಇಂಚಿನಲ್ಲಿಯೇ ಉಳಿದಿದೆ. ಸರಕಾರ ಬದಲಿಸಿದ್ದೆಷ್ಟು, ಜನ ಬದಲಿಸಿಕೊಂಡದ್ದೆಷ್ಟು ಎಂಬುದರ ಇತಿಹಾಸವನ್ನು ಬರೆಯಬೇಕೆನ್ನುವವನು ಮೊದಲು ಓದಬೇಕಾದ ದಫ್ತರ ಈ ಅಂಗಡಿ.

ಒಂದು ಸಂಭಾಷಣೆಯನ್ನು ಉದಾಹರಿಸುತ್ತೇನೆ. ಇಂಥ ಮಾತುಕತೆಯನ್ನು ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ಕೇಳಿದ್ದೇನೆ.

“ಸಾವಕಾರ್ರ, ಬಾಗಲಕ್ಕ ಬಿಜಾಗರಿ ಬೇಕಾಗಿದ್ದೂರಿ.”

“ಬಾಗಲಾ ಯಾವ ಕಟಗೀದು?”

“ಬೇವಿಂದ್ರಿ. ದಪ್ಪನ್ನ ಬಾಗಲಾ.”

“ಹಂಗಾದ್ರ ಎರಡ ಹಚ್ಚಿದ್ರ ತಡಿಯಂಗಿಲ್ಲ. ಮೂರು ಒಯ್ಯಿ. ಮದಲ ಚೌಕಟ್ಟ ಗಟ್ಟಿ ಐತೇನ ನೋಡಕೊ. ಅದ ಸಡ್ಲ ಇದ್ರ ನಾ ಕೊಟ್ಟ ಬಿಜಾಗರಿ ಏನ ಮಾಡತೈತಿ?”

ಇಲ್ಲಿ ಗಮನಿಸಬೇಕಾದುದು ಸಾವಕಾರನ ಸೌಜನ್ಯವನ್ನಲ್ಲ. ಸೌಜನ್ಯ ಇದ್ದೀತು, ಇಲ್ಲದೆಯೂ ಇದ್ದೀತು. ಬಹುಮಟ್ಟಿಗೆ ಅವನು ಗಡಸು ಮಾತಿನವನೇ. ಗಮನಿಸಬೇಕಾದುದು, ಮಾರುವ ಮುನ್ನ ಅವನು ಕೇಳಿದ ಪ್ರಶ್ನೆ. ಗಿರಾಕಿ ಒಂದು ವಸ್ತುವನ್ನು ಕೇಳಿದ. ಅಂಗಡಿಯವನು ಆ ವಸ್ತು ಹೋಗಿ ಸೇರಬೇಕಾದ ಬಾಗಿಲನ್ನು ಕಣ್ಣ ಮುಂದೆ ತಂದುಕೊಂಡ. ಬಿಜಾಗರಿ ಅವನ ಸರಕು, ಬಾಗಿಲು ಅವನ ವಿದ್ಯೆ. ಇಂದು ಗಾಜಿನಂಥ ಪೊಟ್ಟಣದಲ್ಲಿ ಹತ್ತು ತಿರುಪು ಮೊಳೆಗಳನ್ನು ಮುಚ್ಚಿ ನೇತುಹಾಕುವ ದೊಡ್ಡ ಮಳಿಗೆಯಲ್ಲಿ ಸರಕು ಇದೆ, ಬೆಲೆಯ ಚೀಟಿಯಿದೆ. ‘ಬಾಗಿಲು ಯಾವ ಕಟ್ಟಿಗೆಯದು’ ಎಂದು ಕೇಳುವ ಬಾಯಿ ಇಲ್ಲ. ಒಂದು ಮೊಳೆ ಬೇಕಾದವನು ಹತ್ತನ್ನು ಕೊಂಡು ಒಂಬತ್ತನ್ನು ಮನೆಯಲ್ಲಿ ತುಕ್ಕು ಹಿಡಿಸುತ್ತಾನೆ. ಉಳ್ಳವನಿಗೆ ಇದು ಲೆಕ್ಕಕ್ಕಿಲ್ಲದ ನಷ್ಟ. ಕೂಲಿಯವನು ಮಾತ್ರ ಆ ಹತ್ತರ ಬೆಲೆ ಕೇಳಿ, ಮುರಿದದ್ದನ್ನು ಮುರಿದಂತೆಯೇ ಬಿಟ್ಟು ಕೂಡುತ್ತಾನೆ. ಒಂದೊಂದನ್ನೇ ಬಿಡಿಯಾಗಿ ಮಾರುವ ಅಂಗಡಿ ಬಡವನ ಮನೆಯ ದುರಸ್ತಿಗೆ ಆಧಾರ. ಈ ಮಾತು ನಾನು ಓದಿದ ಪ್ರಬಂಧಗಳಲ್ಲಿ ಒಂದರಲ್ಲಾದರೂ ಬಂದಿದ್ದರೆ ಅಯಸ್ಕಾಂತದ ಚೂರನ್ನು ಸಂತೋಷದಿಂದ ಕ್ಷಮಿಸುತ್ತಿದ್ದೆ.

ಇನ್ನು ದೋಷಗಳ ವಿಚಾರ. ಮೊದಲನೆಯದು ಕಾಲಜ್ಞಾನದ ಅಭಾವ. ಈ ಪ್ರಬಂಧಕಾರರು ಕಬ್ಬಿಣದಂಗಡಿಯನ್ನು ಊರಿನಷ್ಟೇ ಹಳೆಯದೆಂದು ಭಾವಿಸಿದಂತಿದೆ. ಅದು ಹಾಗಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಅನಂತರ ಕಬ್ಬಿಣದ ನೇಗಿಲನ್ನೂ ತಯಾರಿಸಿದ್ದು ಪ್ರಸಿದ್ಧ ಸಂಗತಿ. ಆ ನೇಗಿಲನ್ನು ರೈತರು ಮೊದಲು ಮುಟ್ಟಲೊಲ್ಲದಾದರು. ಕಬ್ಬಿಣ ಸೋಕಿದರೆ ಭೂಮಿಗೆ ವಿಷವೇರುವುದೆಂದು ಅವರ ಅಂಜಿಕೆ. 1910ರಲ್ಲಿ ಕಾರಖಾನೆ ಔಂಧ ಸಂಸ್ಥಾನದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಕಬ್ಬಿಣದ ನೇಗಿಲು ಕ್ರಮೇಣ ಹೊಲಗಳನ್ನು ಗೆದ್ದಿತು. ಅಂದಿನ ಮುದುಕರ ಕಣ್ಣಿಗೆ ತಯಾರಾದ ನೇಗಿಲನ್ನು ಮಾರುವ ಅಂಗಡಿ ಇಂದಿನ ದೊಡ್ಡ ಮಳಿಗೆಯಂತೆಯೇ ಆಗಂತುಕವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಅಲ್ಲದೆ ಆ ಅಂಗಡಿ ತಾನು ಬೆಳೆದಂತೆ ಒಬ್ಬನನ್ನು ಹಿಂದಕ್ಕೆ ಸರಿಸಿತು. ಅವನೇ ಕಂಬಾರ. ಒಂದು ಕಾಲಕ್ಕೆ ಅಂಗಡಿಯಲ್ಲಿ ದೊರೆಯುತ್ತಿದ್ದುದು ಪಟ್ಟಿ ಕಬ್ಬಿಣ. ಅದನ್ನು ಕುಡಗೋಲಾಗಿಯೋ ಗುದ್ದಲಿಯಾಗಿಯೋ ಮಾಡಬೇಕಾದವನು ಕುಲುಮೆಯ ಮುಂದೆ ಕುಳಿತವನು. ಬಂಡಿಯ ಗಾಲಿಗೆ ಹಳಿ ಕಟ್ಟುವ ಕೆಲಸವನ್ನು ಕಂಡವರು ಮರೆಯಲಾರರು. ಗಾಲಿಗಿಂತ ತುಸು ಕಿರಿದಾಗಿ ಬಳೆ ಮಾಡಿ, ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ, ನೀರೆರಚಿ ಕುಗ್ಗಿಸಿದರೆ ಅದು ಕಟ್ಟಿಗೆಯನ್ನು ಕಚ್ಚಿ ಹಿಡಿಯುವುದು. ತಯಾರಾದ ಸಲಿಕೆ ಗುದ್ದಲಿಗಳು ಕಾರಖಾನೆಯಿಂದ ಬಂದು ಅಂಗಡಿಯ ಮೂಲೆಯಲ್ಲಿ ನಿಂತಾಗ ಕುಲುಮೆಯ ಕೆಲಸ ಕುಗ್ಗಿತು. ಇದನ್ನು ಅಪರಾಧವೆಂದು ನಾನು ಹೇಳುತ್ತಿಲ್ಲ. ರೈತನಿಗೆ ಅಗ್ಗದ ಗುದ್ದಲಿ ಬೇಕಾಗಿತ್ತು. ಆದರೆ ಕುಲುಮೆಯ ಮೇಲೆ ಬೆಳೆದ ಅಂಗಡಿಯನ್ನು ಅನಾದಿಯೆಂದು ಕೊಂಡಾಡುವ ನೆನಪು ತನ್ನ ಹಿಂದಿನ ನೆನಪನ್ನು ಅಳಿಸಿಹಾಕುತ್ತದೆ.

ಈ ಸೀಮೆಯ ಸಾಹಿತ್ಯವನ್ನು ಬಲ್ಲವರಿಗೆ ಕುಲುಮೆಯ ನೆನಪು ಬೇರೊಂದು ರೀತಿಯಲ್ಲಿ ಉಳಿದಿದೆ. 1937ರಲ್ಲಿ ಘೋಡಗೇರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿ, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಚಂದ್ರಶೇಖರ ಕಂಬಾರರ ಹೆಸರಿನಲ್ಲಿಯೇ ಆ ಕಸಬು ಇದೆ. ಅವರ ಕಲ್ಪನೆಯ ಶಿವಾಪುರ ಹಳೆಯ ಊರೇ. ‘ಕರಿಮಾಯಿ’ಯಲ್ಲಿ ಅದು ಹೊರಗಿನಿಂದ ಬರುವ ಹೊಸತನ್ನು ಎದುರಿಸುತ್ತದೆ. ಆದರೂ ಆ ಬರವಣಿಗೆ ನಿಟ್ಟುಸಿರಾಗುವುದಿಲ್ಲ. ಕಾರಣ, ಅಲ್ಲಿಯ ಜನ ತಮ್ಮದೇ ಮಾತನ್ನಾಡುತ್ತಾರೆ, ತಮ್ಮದೇ ಹಟಗಳನ್ನು ನಡೆಸುತ್ತಾರೆ. ಲೇಖಕನ ಬಾಲ್ಯವನ್ನು ಅಲಂಕರಿಸುವುದಕ್ಕಾಗಿ ಅವರು ಹುಟ್ಟಿದವರಲ್ಲ. ಗೋಕಾಕ ತಾಲೂಕಿನ ಮಲಾಮರಡಿಯಿಂದ ಬಂದ ಬಸವರಾಜ ಕಟ್ಟೀಮನಿಯವರು ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯಲ್ಲಿ ಪತ್ರಿಕಾ ಕಚೇರಿಯ ಬದುಕನ್ನೇ ವಸ್ತುವಾಗಿಸಿಕೊಂಡರು. ಒಂದು ಕಸಬಿನ ಒಳಗನ್ನು ತಿಳಿದು ಬರೆದರೆ ಎಂಥ ಬಲ ಬರುತ್ತದೆಂಬುದಕ್ಕೆ ಅದು ನಿದರ್ಶನ. ಕೆಲಸದ ಜಾಗವನ್ನು ಬರೆಯುವ ಇಂಥ ಮಾದರಿಗಳು ಇದೇ ಮಣ್ಣಿನಲ್ಲಿರುವಾಗ ನಮ್ಮ ಪ್ರಬಂಧಕಾರರು ವಾಸನೆಯೊಂದಕ್ಕೇ ತೃಪ್ತರಾಗುವುದೇಕೆ?

ಎರಡನೆಯ ದೋಷ ಇನ್ನೂ ಗಂಭೀರವಾದದ್ದು. ಈ ನೆನಪುಗಳಲ್ಲಿ ಅಂಗಡಿಯ ಖಾತೆ ಪುಸ್ತಕ ಯಾವಾಗಲೂ ಮುಚ್ಚಿಕೊಂಡೇ ಇರುತ್ತದೆ. ‘ಉದ್ರಿ ಕೊಡುತ್ತಿದ್ದರು, ಅಷ್ಟು ನಂಬಿಗೆ ಇತ್ತು’ ಎಂದು ಒಂದು ವಾಕ್ಯ ಬರೆದು ಮುಂದಕ್ಕೆ ಹೋಗುತ್ತಾರೆ. ನಂಬಿಗೆ ಇದ್ದುದು ನಿಜ. ಬಿತ್ತಿಗೆಯ ಹೊತ್ತಿನಲ್ಲಿ ಕೈಯಲ್ಲಿ ಕಾಸಿಲ್ಲದ ರೈತನಿಗೆ ಕುಳವನ್ನು ಕೊಟ್ಟು ಸುಗ್ಗಿಯವರೆಗೆ ಕಾಯುವ ಅಂಗಡಿ ಇಲ್ಲದಿದ್ದರೆ ಎಷ್ಟೋ ಹೊಲಗಳು ಬೀಳುಬೀಳುತ್ತಿದ್ದವು. ಆದರೆ ಉದ್ರಿಯ ಬೆಲೆ ರೋಖದ ಬೆಲೆಯಲ್ಲ. ಉದ್ರಿಯಿದ್ದವನು ಬೇರೆ ಅಂಗಡಿಯ ಮೆಟ್ಟಿಲನ್ನು ಹತ್ತುವಂತಿಲ್ಲ. ಓದು ಬಾರದವನು ಖಾತೆಯಲ್ಲಿ ಬರೆದದ್ದನ್ನೇ ವೇದವೆಂದು ನಂಬಬೇಕು. ಒಂದೇ ಪುಸ್ತಕ ಒಬ್ಬನಿಗೆ ಆಸರೆ, ಮತ್ತೊಬ್ಬನಿಗೆ ಕಟ್ಟು; ಹಲವು ಸಲ ಒಬ್ಬನಿಗೇ ಎರಡೂ ಆಗಿತ್ತು. ಈ ತೊಡಕನ್ನು ಬರೆಯುವುದೇ ಬರವಣಿಗೆಯ ಕೆಲಸ.

ಕಟ್ಟೆಯ ಮಾತೂ ಹಾಗೆಯೇ. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹರಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಆ ಕಟ್ಟೆಯನ್ನು ಹತ್ತಲಾಗದೆ ಬೀದಿಯಲ್ಲಿ ನಿಂತು, ದುಡ್ಡನ್ನು ದೂರದಿಂದ ಇಟ್ಟು, ಸಾಮಾನನ್ನು ದೂರದಿಂದ ಎತ್ತಿಕೊಂಡವರೂ ನಮ್ಮ ನಾಡಿನಲ್ಲಿ ಇದ್ದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂಗಡಿಯ ಪ್ರವೇಶವನ್ನು ಹೆಸರಿಸಿಯೇ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಗುದ್ದಲಿಯನ್ನು ಎಲ್ಲರಿಗಿಂತ ಹೆಚ್ಚು ಹಿಡಿದವರು ಅವರು; ಗುದ್ದಲಿಯ ಅಂಗಡಿಯ ನೆನಪಿನಲ್ಲಿ ಅವರಿಗೆ ಜಾಗವಿಲ್ಲವೆಂದರೆ ಆ ನೆನಪಿನ ತಕ್ಕಡಿ ಸರಿಯಿಲ್ಲ. ಹಳೆಯ ಅಂಗಡಿಗಿಂತ ಹೊಸ ಮಳಿಗೆಯಲ್ಲಿ ಒಂದು ಹೆಚ್ಚಿನ ಗುಣವಿದೆಯೆಂದು ಇಲ್ಲಿ ಒಪ್ಪಬೇಕು: ಅಲ್ಲಿ ಯಾರೂ ಯಾರ ಮನೆತನವನ್ನೂ ಕೇಳುವುದಿಲ್ಲ. ಬಾಗಿಲಿನ ಕಟ್ಟಿಗೆಯನ್ನು ಕೇಳುವ ಬಾಯಿ ಬೇಕು, ಮನೆತನವನ್ನು ಕೇಳುವ ಬಾಯಿ ಬೇಡ. ಎರಡೂ ಒಂದೇ ಬಾಯಿಯಾಗಿದ್ದುದು ನಮ್ಮ ಪೇಟೆಯ ದುರ್ದೈವ.

ಮೂರನೆಯದು ಅಳಲಿನದೇ ದೋಷ. ಈ ಪ್ರಬಂಧಗಳನ್ನು ಓದಿದವರು ಕಬ್ಬಿಣದಂಗಡಿ ಲೋಕದಿಂದಲೇ ಮಾಯವಾಯಿತೆಂದು ತಿಳಿಯಬೇಕು. ಅದು ಮಾಯವಾಗಿಲ್ಲ. 1977ರಲ್ಲಿ ಹಿಡಕಲ್ಲಿನ ಅಣೆಕಟ್ಟು ಮುಗಿದು ನೀರಾವರಿ ಹಬ್ಬಿ, ಕಬ್ಬು ಹೆಚ್ಚಿ, ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂದಾಗ ಕಡಾಣಿ, ಲಾಳಗಳ ಗಿರಾಕಿ ಕಡಿಮೆಯಾದ. ಪೈಪು, ಪಂಪುಸೆಟ್ಟಿನ ವಾಶರು, ನಟ್ಟು ಬೋಲ್ಟುಗಳ ಗಿರಾಕಿ ಬಂದ. ಪುಂಡಿಯ ಹಗ್ಗದ ಜಾಗದಲ್ಲಿ ನೈಲಾನು ಕೂತಿತು. ಅಂಗಡಿ ಉಳಿದಿದೆ, ಸರಕು ಬದಲಾಗಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಗೋಕಾಕದ ಹಳೆಯ ಭಾಗ ನೀರಿನಲ್ಲಿ ನಿಂತಿತು. ಕಬ್ಬಿಣಕ್ಕೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಆದರೆ ನೀರು ಇಳಿದ ಮೇಲೆ ಮನೆಯೊಳಗಿನ ರಾಡಿಯನ್ನು ಎತ್ತಲು, ಬಿದ್ದ ಬಾಗಿಲನ್ನು ಮತ್ತೆ ನಿಲ್ಲಿಸಲು ಮನುಷ್ಯನಿಗೆ ಮೊದಲು ಬೇಕಾಗುವುದು ಸಲಿಕೆ, ಬುಟ್ಟಿ, ಮೊಳೆ, ಬಿಜಾಗರಿಗಳೇ. ಅಂಥ ದಿನ ಅಂಗಡಿಯ ಬೆಲೆ ಗೊತ್ತಾಗುವುದು ಅಳುವವನಿಗಲ್ಲ, ಕೊಳ್ಳುವವನಿಗೆ.

ಹಾಗಾದರೆ ಈ ಅಳಲು ಯಾರದು? ನಾಸ್ಟಾಲ್ಜಿಯಾ ಎಂಬ ಪದವನ್ನು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ಟಂಕಿಸಿದ್ದು ಒಂದು ಕಾಯಿಲೆಯ ಹೆಸರಾಗಿ. ಮನೆಯಿಂದ ದೂರ ಹೋದವರಿಗೆ ತಗಲುವ ಕಾಯಿಲೆ ಅದು. ಊರಿನಲ್ಲೇ ಇದ್ದವನಿಗೆ ಅದು ಬಾರದು. ನಮ್ಮ ಪ್ರಬಂಧಕಾರರಿಗೂ ಈ ಮಾತು ಅನ್ವಯಿಸುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೆಲೆಸಿ, ಮನೆಯ ನಲ್ಲಿ ಸೋರಿದರೆ ದೂರವಾಣಿ ಮಾಡಿ ಆಳನ್ನು ಕರೆಸುವವರಾದ ಮೇಲೆ ನಮಗೆ ಕಬ್ಬಿಣದಂಗಡಿ ಸತ್ತಂತೆ ತೋರುತ್ತದೆ. ಅಂಗಡಿ ಊರಿನಲ್ಲಿಯೇ ಇದೆ. ಕೆಲಸವನ್ನು ಕೈಬಿಟ್ಟವರು ನಾವು. ಇದನ್ನು ನೇರವಾಗಿ ಒಪ್ಪಿಕೊಂಡು ಬರೆದರೆ ಆ ಪ್ರಬಂಧಗಳಿಗೆ ತಕ್ಷಣವೇ ಸತ್ಯದ ಬಲ ಬಂದೀತು.

ಹೀಗೆಂದ ಮಾತ್ರಕ್ಕೆ ನಷ್ಟವೇನೂ ಆಗಿಲ್ಲವೆಂದು ನನ್ನ ವಾದವಲ್ಲ. ಒಂದು ನಷ್ಟ ನಿಜವಾಗಿಯೂ ನಮ್ಮ ಕಣ್ಣೆದುರಿಗೆ ನಡೆಯುತ್ತಿದೆ. ಅದು ಭಾಷೆಯ ನಷ್ಟ. ಕಬ್ಬಿಣದಂಗಡಿ ಎಂದರೆ ಹೆಸರುಗಳ ಅಂಗಡಿ. ವಸ್ತುವಿನ ಹೆಸರು ಗೊತ್ತಿಲ್ಲದವನು ಅಲ್ಲಿ ಮೂಕ. ಇಂಗ್ಲೆಂಡಿನ ಬಿ.ಬಿ.ಸಿ.ಯವರು 1976ರಲ್ಲಿ ತೋರಿಸಿದ ‘ದಿ ಟೂ ರಾನೀಸ್’ ಎಂಬ ಹಾಸ್ಯ ಕಾರ್ಯಕ್ರಮದ ಒಂದು ಪ್ರಸಂಗ ಇಂಥದೇ ಅಂಗಡಿಯಲ್ಲಿ ನಡೆಯುತ್ತದೆ. ಗಿರಾಕಿ ‘ಫೋರ್ಕ್ ಹ್ಯಾಂಡಲ್ಸ್’, ಅಂದರೆ ತೋಟದ ಮುಳ್ಳುಗುದ್ದಲಿಗೆ ಹಿಡಿಕೆ ಕೇಳಿದರೆ, ಅಂಗಡಿಯವನು ‘ಫೋರ್ ಕ್ಯಾಂಡಲ್ಸ್’ ಎಂದು ತಿಳಿದು ನಾಲ್ಕು ಮೇಣದ ಬತ್ತಿಗಳನ್ನು ತಂದಿಡುತ್ತಾನೆ. ಆ ನಾಡಿನ ಜನ ಅದನ್ನು ಇಂದಿಗೂ ನೆನೆದು ನಗುತ್ತಾರೆ. ನಗು ಹುಟ್ಟುವುದು, ಎರಡೂ ಹೆಸರುಗಳು ಕೇಳುವವರಿಗೆ ಗೊತ್ತಿರುವುದರಿಂದ. ನಮ್ಮಲ್ಲಿ ಇಂಥ ಪ್ರಹಸನವನ್ನು ಬರೆದರೆ ಇಂದಿನ ಎಷ್ಟು ಮಂದಿ ಪ್ರೇಕ್ಷಕರು ಕಡಾಣಿ, ಗಡಗಡಿ, ಬಿಜಾಗರಿಗಳನ್ನು ಗುರುತಿಸಿ ನಕ್ಕಾರು?

ಗೋಕಾಕದ ಅಂಗಡಿಯ ಈ ಹೆಸರುಗಳಲ್ಲಿ ಅಪ್ಪಟ ಕನ್ನಡವಿದೆ, ಮರಾಠಿಯಿದೆ, ಉರ್ದುವಿದೆ, ಇಂಗ್ಲಿಷಿದೆ. ಉಳಿ, ಅರ, ಇಕ್ಕಳಗಳ ಪಕ್ಕದಲ್ಲಿ ಪೇಚಕಸ, ಪಾನಾಗಳು ಕೂತಿವೆ. ಮುಂಬಯಿ ಪ್ರಾಂತದಲ್ಲಿದ್ದು 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿದ ಸೀಮೆಯ ಇತಿಹಾಸ ಆ ಮೇಜಿನ ಖಾನೆಗಳಲ್ಲಿ ವಿಂಗಡವಾಗಿ ಕೂತಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ನಮ್ಮ ಹೆಮ್ಮೆ. ಆದರೆ ನಿಘಂಟು ಮುಖ್ಯವಾಗಿ ಬರೆದ ಮಾತಿನ ಉಗ್ರಾಣ. ಬರೆಹಗಾರ ಬಳಸದ ಮಾತು ಅಲ್ಲಿಗೆ ತಲುಪುವುದು ಕಷ್ಟ. ಹನ್ನೆರಡನೆಯ ಶತಮಾನದ ಶರಣರು ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ ಎಂದು ಕಸಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು. ಕೆಲಸದ ಮಾತು ಸಾಹಿತ್ಯದ ಮಾತಾಗುವುದಕ್ಕೆ ಅವರು ಹೆದರಲಿಲ್ಲ. ಅವರ ವಾರಸುದಾರರೆಂದು ಹೇಳಿಕೊಳ್ಳುವ ನಾವು ಒಂದು ಕಬ್ಬಿಣದಂಗಡಿಯನ್ನು ವರ್ಣಿಸಲು ಹೊರಟು ‘ಏನೇನೋ ಸಾಮಾನುಗಳು’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ.

ಇಂಥ ಪ್ರಬಂಧ ಹೇಗಿರಬಹುದೆಂಬುದಕ್ಕೆ ಹೊರಗಿನ ಒಂದು ಉದಾಹರಣೆ ಸಾಕು. ಜಾರ್ಜ್ ಆರ್ವೆಲ್ಲರು 1946ರಲ್ಲಿ ಲಂಡನ್ನಿನ ಒಂದು ಸಂಜೆ ಪತ್ರಿಕೆಗೆ ಹಳೆ ಸಾಮಾನಿನ ಅಂಗಡಿಗಳನ್ನು ಕುರಿತು ಒಂದು ಚಿಕ್ಕ ಲೇಖನ ಬರೆದರು. ಅದರಲ್ಲಿ ಪ್ರೀತಿ ಇದೆ, ಅಳಲಿಲ್ಲ. ಗುಜರಿ ಅಂಗಡಿಗೂ ದುಬಾರಿಯ ಪುರಾತನ ವಸ್ತುಗಳ ಅಂಗಡಿಗೂ ಇರುವ ಭೇದವನ್ನು ಮೊದಲು ಗೊತ್ತುಪಡಿಸಿ, ಆಮೇಲೆ ಅಲ್ಲಿ ಸಿಕ್ಕುವ ವಸ್ತುಗಳನ್ನು ಹೆಸರು ಹಿಡಿದು ಹೇಳುತ್ತಾರೆ. ಓದುಗನಿಗೆ ಎದ್ದು ಹೋಗಿ ನೋಡಬೇಕೆನಿಸುತ್ತದೆ. ನಮ್ಮ ಪ್ರಬಂಧಗಳನ್ನು ಓದಿದ ಮೇಲೆ ಹೋಗಿ ನೋಡಬೇಕೆನಿಸುವುದಿಲ್ಲ; ಕುಳಿತಲ್ಲೇ ಕಣ್ಣು ಮುಚ್ಚಬೇಕೆನಿಸುತ್ತದೆ. ಎರಡು ಬಗೆಯ ಬರವಣಿಗೆಗೂ ಇರುವ ಅಂತರ ಇದೇ.

ಆದುದರಿಂದ ಮುಂದೆ ಈ ವಿಷಯವನ್ನು ಕೈಗೆತ್ತಿಕೊಳ್ಳುವ ಲೇಖಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಊರಿಗೆ ಹೋದಾಗ ಅಂಗಡಿಗೂ ಹೋಗಿರಿ. ಒಂದು ದಿನವೆಲ್ಲ ಕಟ್ಟೆಯ ಬಳಿ ನಿಂತು, ಬಂದವರು ಏನನ್ನು ಯಾವ ಹೆಸರಿನಿಂದ ಕೇಳುತ್ತಾರೆ, ಅಂಗಡಿಯವರು ತಿರುಗಿ ಏನನ್ನು ಕೇಳುತ್ತಾರೆ ಎಂಬುದನ್ನು ಬರೆದುಕೊಳ್ಳಿರಿ. ಯಾರಿಗೆ ಉದ್ರಿ ಸಿಕ್ಕುತ್ತದೆ, ಯಾರಿಗೆ ಇಲ್ಲ ಎಂಬುದನ್ನೂ ಬರೆದುಕೊಳ್ಳಿರಿ. ಅಂಗಡಿಯ ಹಿರಿಯರು ಎದ್ದು ಹೋದರೆ ಹಳೆಯ ಖಾನೆಗಳ ಹೆಸರು ಹೇಳುವವರು ಸಿಕ್ಕಲಾರರು. ಆಮೇಲೆ ಎಷ್ಟು ನಿಟ್ಟುಸಿರು ಬಿಟ್ಟರೂ ಒಂದು ಪದ ಮರಳಿ ಬಾರದು. ಕಡಾಣಿಯಿಲ್ಲದ ಬಂಡಿ ನಾಲ್ಕು ಮಾರು ಹೋಗಬಹುದು, ಐದನೆಯ ಮಾರಿಗೆ ಗಾಲಿ ಕಳಚುತ್ತದೆ. ಹೆಸರುಗಳಿಲ್ಲದ ನೆನಪಿನ ಗತಿಯೂ ಅದೇ.